ನಾಲ್ಕು ಕಿಲೋಮೀಟರ್ ಆಫೀಸು, ಹಳದಿ ಲೈಟು: ನಮ್ ಭಾವನ ಡೀಸೆಲ್ ಕಾರಿನ ಡಿಪಿಎಫ್ ಕೇಸು

ಮೊದ್ಲು ಗಮನಿಸಿದ್ದು ಅಪಾರ್ಟ್‌ಮೆಂಟ್ ವಾಚ್‌ಮನ್ನು. "ಸಾರ್, ನೀವು ಆಫ್ ಮಾಡಿ ಮೇಲೆ ಹೋದ್ಮೇಲೂ ಗಾಡಿ ಒಳಗೆ ಫ್ಯಾನು ಜೋರಾಗಿ ಓಡ್ತಾನೇ ಇರುತ್ತೆ, ಒಂಥರಾ ಕಾದ ವಾಸ್ನೆ ಬೇರೆ" ಅಂತ ನಮ್ ಭಾವನ ಹತ್ರ ಎರಡು ಸಲ ಹೇಳಿದಾನೆ. ಭಾವ "ಹೊಸ ಕಾರೆಲ್ಲಾ ಹಂಗೇ ಕಣಪ್ಪ" ಅಂದ್ಬಿಟ್ಟು ಲಿಫ್ಟ್ ಹತ್ತಿದಾರೆ. ಅದಾಗಿ ಎರಡು ತಿಂಗ್ಳಿಗೆ ಅದೇ ಕಾರು ರಾಜಾಜಿನಗರದ ಕಾರ್ಡ್ ರೋಡ್ ಫ್ಲೈಓವರ್ ಏರಲ್ಲಿ ಉಸಿರು ಕಟ್ಟಿದ ಹಾಗೆ ಆಡ್ತು. ಎಲ್ಲಾ ಆಗಿದ್ದು ಡಿಪಿಎಫ್ ಅಂದ್ರೆ ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್ ಅನ್ನೋ, ಹೊಗೇಲಿರೋ ಮಸಿ ಹಿಡಿಯೋ ಸಾಮಾನಿಂದ. ಮಧ್ಯೆ ಏನೇನಾಯ್ತು, ಯಾಕಾಯ್ತು ಅಂತ ಪೂರ್ತಿ ಬರೀತಿದೀನಿ, ಯಾಕಂದ್ರೆ ಡೀಸೆಲ್ ಕಾರಿಟ್ಕೊಂಡು ಸಿಟಿ ಒಳಗೇ ಓಡಾಡೋ ಎಷ್ಟೋ ಜನರ ಮನೇಲಿ ಇದೇ ಕತೆ ನಡೀತಿದೆ.

ಗಾಡಿ ವಿಷ್ಯ ಮೊದ್ಲು. ಕಾಂಪ್ಯಾಕ್ಟ್ ಎಸ್‌ಯುವಿ, 1.5 ಲೀಟರ್ ಟರ್ಬೊ ಡೀಸೆಲ್, ಮ್ಯಾನುಯಲ್ ಗೇರು, ಬಿಎಸ್ 6, ಅಂದ್ರೆ ಹೊಗೆ ಎಷ್ಟು ಬಿಡ್ಬಹುದು ಅನ್ನೋ ಸರ್ಕಾರದ ಹೊಸ ನಿಯಮದ ಗಾಡಿ. ತಗೊಂಡಿದ್ದು 2022 ಜನವರಿ. ಕಂಪನಿ ಹೆಸ್ರು ಬೇಡ, ಯಾವ ಕಂಪನಿ ಡೀಸೆಲ್ ಆದ್ರೂ ಇದೇ ಆಗ್ತಿತ್ತು. ಆಗ ಭಾವ ಶಿವಮೊಗ್ಗದಲ್ಲಿದ್ರು, ಕೆಲ್ಸ ಅಂದ್ರೆ ಇವತ್ತು ಸಾಗರ, ನಾಳೆ ಭದ್ರಾವತಿ, ನಾಡಿದ್ದು ದಾವಣಗೆರೆ, ತಿಂಗ್ಳಿಗೆ ಕಮ್ಮಿ ಅಂದ್ರೂ 1500 ಕಿಲೋಮೀಟರ್. ಎರಡೂವರೆ ವರ್ಷ ಹತ್ರ ಹತ್ರ ಒಂದು ಬಲ್ಬೂ ಹೋಗಿಲ್ಲ ಆ ಕಾರಲ್ಲಿ. 2024 ಜೂನಲ್ಲಿ ಬೆಂಗ್ಳೂರಿಗೆ ಟ್ರಾನ್ಸ್‌ಫರ್ ಆಯ್ತು, ಮನೆ ವಿಜಯನಗರ, ಆಫೀಸ್ ರಾಜಾಜಿನಗರ, ಒಂದು ಕಡೆಗೆ ನಾಲ್ಕೇ ಕಿಲೋಮೀಟರ್. ಸಿಗ್ನಲ್ಲು ಟ್ರಾಫಿಕ್ಕು ಎಲ್ಲಾ ಸೇರಿ ಇಪ್ಪತ್ತೈದು ನಿಮಿಷ.

ಅದೇ ಕಾರು, ಅದೇ ಡ್ರೈವರ್, ಅದೇ ಡೀಸೆಲ್ಲು. ಬದಲಾಗಿದ್ದು ರಸ್ತೆ ಒಂದೇ. ಐದು ತಿಂಗ್ಳಿಗೆ, ನವೆಂಬರ್ ಶುರೂಲಿ, ಮೀಟರ್ ಬೋರ್ಡಲ್ಲಿ ಒಂದು ಹಳದಿ ಲೈಟು ಬಂತು: ಒಂದು ಡಬ್ಬಿ, ಅದ್ರೊಳಗೆ ಚುಕ್ಕಿ ಚುಕ್ಕಿ. ಭಾವಂಗೆ ಅದು ಸರ್ವಿಸ್ ಲೈಟು ಅನ್ನಿಸ್ತಂತೆ, ಮುಂದಿನ ತಿಂಗ್ಳು ಸರ್ವಿಸ್ ಇದ್ಯಲ್ಲ ಆಗ ನೋಡಿದ್ರಾಯ್ತು ಅಂತ ಬಿಟ್ರು.

ನವೆಂಬರ್ ಕೊನೇಲಿ ಒಂದು ಬೆಳಿಗ್ಗೆ ಫ್ಲೈಓವರ್ ಏರ್ತಾ ಇರೋವಾಗ ಒಟ್ಟಿಗೇ ಮೂರು ಲೈಟು ಹತ್ತಿದ್ವು. ಇಂಜಿನ್ ಲೈಟು, ಜಾರೋ ಕಾರಿನ ಚಿತ್ರ ಇರುತ್ತಲ್ಲ ಆ ಇಎಸ್‌ಸಿ ಲೈಟು, ಜೊತೆಗೆ ಹಿಲ್ ಅಸಿಸ್ಟ್ (ಏರಲ್ಲಿ ಗಾಡಿ ಹಿಂದಕ್ಕೆ ಜಾರದ ಹಾಗೆ ಬ್ರೇಕ್ ಹಿಡ್ಕೊಳ್ಳೋದು, ಹಿಲ್ ಹೋಲ್ಡ್ ಅಂತಾನೂ ಅಂತಾರೆ) ಕೆಲಸ ಮಾಡ್ತಿಲ್ಲ ಅಂತ ಒಂದು ಮೆಸೇಜು. ಆಕ್ಸಿಲರೇಟರ್ ಪೂರ್ತಿ ತುಳಿದ್ರೂ ಇಂಜಿನ್ನು 2500 ಆರ್‌ಪಿಎಂ ಮೇಲೆ ಹೋಗ್ತಿಲ್ಲ. ಹಿಂದೆ ಬಿಎಂಟಿಸಿ ಬಸ್ಸು ಹಾರ್ನ್ ಮೇಲೆ ಹಾರ್ನ್. ಮುಂದಿನ ಗಾಡಿ ನಿಂತಾಗ ಇವರೂ ನಿಂತ್ರು, ಬ್ರೇಕ್ ಬಿಟ್ಟು ಹೊರಡೋ ಹೊತ್ತಿಗೆ ಕಾರು ಒಂದಡಿ ಹಿಂದಕ್ಕೆ ಜಾರ್ತು, ಯಾಕಂದ್ರೆ ಹತ್ರ ಹತ್ರ ಮೂರು ವರ್ಷದಿಂದ ಹಿಲ್ ಹೋಲ್ಡ್ ಹಿಡ್ಕೊಂಡೇ ಅಭ್ಯಾಸ ಆಗಿತ್ತು, ಇವತ್ತು ಅದು ಹಿಡೀಲಿಲ್ಲ. ಪುಣ್ಯಕ್ಕೆ ಹಳೇ ಕೈ, ಹ್ಯಾಂಡ್ ಬ್ರೇಕ್ ಎಳೆದು ಹಾಫ್ ಕ್ಲಚ್ಚಲ್ಲಿ ಎತ್ತಿದ್ರು. ಇಳಿದು ಪಕ್ಕಕ್ಕೆ ಹಾಕಿ ನಂಗೆ ಫೋನ್ ಮಾಡಿದ್ರು, "ನೋಡೋ, ಬ್ರೇಕೂ ಹೋಯ್ತು ಇಂಜಿನ್ನೂ ಹೋಯ್ತು ಅನ್ಸುತ್ತೆ" ಅಂತ.

ಇಲ್ಲೊಂದು ಮಾತು ಹೇಳ್ಬೇಕು. ಬ್ರೇಕ್ ಹೋಗಿರ್ಲಿಲ್ಲ. ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗು ಎಲ್ಲಾ ಸರಿಯಾಗೇ ಇತ್ತು. ಇಎಸ್‌ಸಿ ಅನ್ನೋದು ಗಾಡಿ ಜಾರಿದಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕುತ್ತೆ, ಅಷ್ಟೇ ಅಲ್ಲ, ಇಂಜಿನ್ನಿಗೂ "ಸ್ವಲ್ಪ ಪವರ್ ಕಮ್ಮಿ ಮಾಡು" ಅಂತ ಕೇಳುತ್ತೆ. ಇಂಜಿನ್ ಕಂಪ್ಯೂಟರ್ರೇ ಕಾಯಿಲೆ ಬಿದ್ದಿದೀನಿ ಅಂತ ಹೇಳ್ಕೊಂಡಾಗ ಇಎಸ್‌ಸಿ ಅದರ ಮಾತು ನಂಬಲ್ಲ, ತಾನೂ ರಜಾ ಹಾಕುತ್ತೆ, ಅದನ್ನ ನಂಬ್ಕೊಂಡಿರೋ ಹಿಲ್ ಹೋಲ್ಡೂ ಹೋಗುತ್ತೆ. ಎಲ್ಲಾ ಕಾರಲ್ಲೂ ಹಿಂಗೇ ಅಂತಲ್ಲ, ಆದ್ರೆ ಸುಮಾರು ಕಾರಲ್ಲಿ ಹಿಂಗೇ. ನೋಡೋರಿಗೆ ಮಾತ್ರ ಇಡೀ ಕಾರೇ ಸತ್ತೋಯ್ತು ಅನ್ಸುತ್ತೆ. ಪವರ್ ಕಮ್ಮಿ ಆಗಿದ್ದೂ ಕೆಟ್ಟಿದ್ದಕ್ಕಲ್ಲ, ಕೆಡಬಾರ್ದು ಅಂತ ಕಂಪ್ಯೂಟರ್ರೇ ಕಮ್ಮಿ ಮಾಡಿದ್ದು, ಲಿಂಪ್ ಮೋಡ್ ಅಂತಾರೆ, ಕುಂಟ್ಕೊಂಡು ಮನೆ ಸೇರ್ಕೊ ಅನ್ನೋ ಲೆಕ್ಕ.

ಟೋ ಮಾಡ್ಕೊಂಡು ಒಂದು ಸರ್ವಿಸ್ ಸೆಂಟರಿಗೆ ಬಿಟ್ರು. ಸಂಜೆ ಫೋನ್ ಬಂತು, "ಸಾರ್ ಡಿಪಿಎಫ್ ಬ್ಲಾಕ್ ಆಗಿದೆ, ಅಸೆಂಬ್ಲಿನೇ ಚೇಂಜ್ ಮಾಡ್ಬೇಕು, ಲಕ್ಷದ ಮೇಲೆ ಆಗುತ್ತೆ, ವಾರಂಟಿ ಮುಗಿದಿದೆ, ಇದ್ರೂ ಇದು ಕವರ್ ಆಗ್ತಿರ್ಲಿಲ್ಲ". ಭಾವ ಫೋನಿಟ್ಟವರೇ "ಡಿಪಿಎಫ್ ಅಂದ್ರೇನೋ" ಅಂತ ನನ್ನ ಕೇಳಿದ್ರು. ಲಕ್ಷ ರೂಪಾಯಿ ಸಾಮಾನು ಕಾರಲ್ಲಿ ಕೂತಿದೆ, ಓನರಿಗೆ ಹೆಸ್ರೇ ಗೊತ್ತಿಲ್ಲ, ಮಾರುವಾಗ ಯಾರೂ ಹೇಳಿಲ್ಲ. ಸನ್‌ರೂಫ್ ಹೆಂಗೆ ತೆಗೆಯೋದು ಅಂತ ಮಾತ್ರ ಹದಿನೈದು ನಿಮಿಷ ತೋರ್ಸಿದ್ರಂತೆ.

ನಾನು ಭಾವಂಗೆ ಹೇಳಿದ್ದು ಅವರ ಊರಿನ ಬಚ್ಚಲೊಲೆ ಉದಾಹರಣೆ. ಹಂಡೆ ಒಲೆಗೆ ಹಸಿ ಕಟ್ಟಿಗೆ ಇಟ್ಟು ಸಣ್ಣ ಉರೀಲಿ ದಿನಾ ನೀರು ಕಾಯ್ಸಿದ್ರೆ ಹೊಗೆ ಗೂಡಲ್ಲಿ ಮಸಿ ದಪ್ಪಗೆ ಕಟ್ಟುತ್ತೆ ಅಲ್ವಾ, ಯಾವತ್ತೋ ಒಂದಿನ ಒಣ ಕಟ್ಟಿಗೆ ತುಂಬಿ ಧಗಧಗ ಉರ್ಸಿದ್ರೆ ಆ ಮಸಿ ತಾನೇ ಸುಟ್ಟು ಉದುರುತ್ತೆ. ಡಿಪಿಎಫ್ ಅನ್ನೋದು ಸೈಲೆನ್ಸರ್ ಪೈಪಿನ ದಾರೀಲಿ ಕೂತಿರೋ ಅಂಥಾ ಒಂದು ಗೂಡು. ಒಳಗೆ ಸೆರಾಮಿಕ್ಕು, ಜೇನುಗೂಡಿನ ಥರ ಸಣ್ಣ ಸಣ್ಣ ಕೊಳವೆ, ಮಜಾ ಏನಂದ್ರೆ ಒಂದು ಕೊಳವೆಗೆ ಹಿಂದಿನ ಬಾಯಿ ಮುಚ್ಚಿರುತ್ತೆ, ಪಕ್ಕದ್ದಕ್ಕೆ ಮುಂದಿನ ಬಾಯಿ, ಹಾಗಾಗಿ ಹೊಗೆ ಗೋಡೆ ಒಳಗಿಂದಾನೇ ತೂರ್ಕೊಂಡು ಹೋಗ್ಬೇಕು, ಮಸಿ ಗೋಡೆಗೇ ಅಂಟ್ಕೊಳ್ಳುತ್ತೆ.

ಇದನ್ನ ಯಾಕೆ ಇಟ್ರು ಅಂದ್ರೆ ಕಾನೂನು. 2020 ಏಪ್ರಿಲ್ 1ಕ್ಕೆ ದೇಶದಲ್ಲೆಲ್ಲಾ ಬಿಎಸ್ 6 ಬಂತು, ಬಿಎಸ್ 5 ಅನ್ನೋದನ್ನ ಹಾರೇ ಬಿಟ್ವಿ. ಡೀಸೆಲ್ ಕಾರಿನ ಮಸಿ ಲಿಮಿಟ್ಟು ಬಿಎಸ್ 4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ಇದ್ದಿದ್ದು 4.5ಕ್ಕೆ ಇಳೀತು, ನೈಟ್ರೋಜನ್ ಆಕ್ಸೈಡು 250ರಿಂದ 80ಕ್ಕೆ. ಡೀಸೆಲ್ಲಲ್ಲಿರೋ ಗಂಧಕಾನೂ 50 ಪಿಪಿಎಂನಿಂದ 10ಕ್ಕೆ ತಂದ್ರು. ಇಷ್ಟು ಕಮ್ಮಿ ಮಸಿ ಬರೀ ಇಂಜಿನ್ ಟ್ಯೂನಿಂಗಲ್ಲಿ ಆಗೋ ಮಾತಲ್ಲ, ಫಿಲ್ಟರ್ ಬೇಕೇ ಬೇಕು. ಈ ಖರ್ಚು ನೋಡೇ ಮಾರುತಿಯೋರು ಆ ಏಪ್ರಿಲ್‌ನಿಂದ ಡೀಸೆಲ್ ಮಾರೋದನ್ನೇ ಬಿಟ್ರು. ಹಳೇ ಡೀಸೆಲ್ಲು ಏರಲ್ಲಿ ಕರೀ ಹೊಗೆ ಉಗುಳ್ತಿತ್ತಲ್ಲ, ಆ ಹೊಗೆ ಈಗ ಎಲ್ಲಿಗೂ ಹೋಗಿಲ್ಲ, ಕಾರೊಳಗೇ ಕೂತಿದೆ, ಅದನ್ನ ಸುಡೋ ಜವಾಬ್ದಾರಿ ನಮ್ಮ ತಲೆ ಮೇಲೆ ಬಂದಿದೆ.

ಸುಡೋದು ಎರಡು ಥರ. ಹೈವೇಲಿ ಲೋಡ್ ಮೇಲೆ ಓಡ್ತಿದ್ರೆ ಹೊಗೇನೇ 300 ಡಿಗ್ರಿ ಮೇಲೆ ಕಾದಿರುತ್ತೆ, ಅಷ್ಟಕ್ಕೇ ಮಸಿ ನಿಧಾನಕ್ಕೆ ತಾನೇ ಸುಡ್ತಾ ಇರುತ್ತೆ, ನಮಗೆ ಗೊತ್ತೂ ಆಗಲ್ಲ. ಶಿವಮೊಗ್ಗದಲ್ಲಿ ಭಾವನ ಕಾರಲ್ಲಿ ನಡೀತಿದ್ದಿದ್ದು ಹೆಚ್ಚುಪಾಲು ಇದೇ. ಅದು ಸಾಲ್ದೆ ಹೋದಾಗ ಇಂಜಿನ್ ಕಂಪ್ಯೂಟರು, ಅಂದ್ರೆ ಇಸಿಯು, ಬೇಕಂತಲೇ ಬೆಂಕಿ ಹಚ್ಚುತ್ತೆ: ಮಾಮೂಲಿ ಡೀಸೆಲ್ ಸ್ಪ್ರೇ ಆದ್ಮೇಲೆ ತಡವಾಗಿ ಇನ್ನೊಂದು ಚೂರು ಡೀಸೆಲ್ ಹಾಕುತ್ತೆ, ಅದು ಮುಂದೆ ಹೋಗಿ ಸುಟ್ಟು ಫಿಲ್ಟರ್ ಶಾಖಾನ 600 ಡಿಗ್ರಿ ಆಸುಪಾಸಿಗೆ ಏರ್ಸುತ್ತೆ. ಇದಕ್ಕೆ ರೀಜೆನರೇಷನ್ ಅಂತ ಹೆಸ್ರು, ಗ್ಯಾರೇಜಲ್ಲಿ ರೀಜೆನ್ ಅಂತಾರೆ. ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ಓಡಿದ್ರೆ ಮುಗಿಯುತ್ತೆ. ನಾಲ್ಕು ಕಿಲೋಮೀಟರ್ ಆಫೀಸಿಗೆ ಹೋಗೋನ ಕಾರು ಅದನ್ನ ಶುರು ಮಾಡುತ್ತೆ, ಅರ್ಧಕ್ಕೆ ಬೇಸ್‌ಮೆಂಟ್ ಬರುತ್ತೆ, ಕೀ ಆಫ್. ನಾಳೆ ಮತ್ತೆ ಶುರು, ಮತ್ತೆ ಆಫ್. ವಾಚ್‌ಮನ್ ಕೇಳಿಸ್ಕೊಂಡಿದ್ದು ಅದೇ ಫ್ಯಾನು, ಅರ್ಧಕ್ಕೆ ನಿಲ್ಸಿದ ಬೆಂಕೀನ ತಣ್ಣಗೆ ಮಾಡ್ತಿದ್ದ ಫ್ಯಾನು.

ಆಮೇಲೆ ಭಾವನ ಕೇಳಿದ್ರೆ ಒಂದೊಂದೇ ನೆನಪಾಯ್ತು. ಸಿಗ್ನಲ್ಲಲ್ಲಿ ತಾನೇ ಆಫ್ ಆಗ್ತಿದ್ದ ಇಂಜಿನ್ನು ಕೆಲವು ದಿನ ಆಫ್ ಆಗ್ತಿರ್ಲಿಲ್ಲವಂತೆ. ನ್ಯೂಟ್ರಲ್ಲಲ್ಲಿ ಆರ್‌ಪಿಎಂ ಒಂದು ಕಡ್ಡಿ ಮೇಲೆ ನಿಲ್ತಿತ್ತಂತೆ. ಮೈಲೇಜು 18 ಕೊಡ್ತಿದ್ದಿದ್ದು 10ಕ್ಕೆ ಬಂದು "ಬೆಂಗ್ಳೂರ್ ಟ್ರಾಫಿಕ್ಕಪ್ಪ" ಅಂತ ಸಮಾಧಾನ ಮಾಡ್ಕೊಂಡಿದ್ರಂತೆ. ಮೂರೂ ರೀಜೆನ್ ನಡೀತಿರೋ ಗುರುತೇ.

ಸರಿ, ಲಕ್ಷ ಕೊಡೋಕೆ ಮುಂಚೆ ಇನ್ನೊಬ್ರಿಗೆ ತೋರ್ಸೋಣ ಅಂತ ಪೀಣ್ಯ ಕಡೆ ಡೀಸೆಲ್ ಕೆಲಸ ಮಾಡೋ ಒಬ್ರ ಹತ್ರ ಹೋದ್ವಿ. ನನ್ನ ಹತ್ರ ಬ್ಲೂಟೂತ್ ಡಾಂಗಲ್ ಇತ್ತು, ಸ್ಟೀರಿಂಗ್ ಕೆಳಗಿರೋ, ಗಾಡಿ ದೋಷ ಓದೋಕೆ ಅಂತಿರೋ 16 ಪಿನ್ನಿನ ಓಬಿಡಿ ಸಾಕೆಟ್ಟಿಗೆ ಚುಚ್ಚಿ ನೋಡಿದ್ದೆ, ಪಿ 2463 ಅಂತ ಕೋಡ್ ಬಂದಿತ್ತು. ಅದರರ್ಥ ಮಸಿ ಜಾಸ್ತಿ ಸೇರಿದೆ ಅಂತ ಅಷ್ಟೇ, ಎಷ್ಟು, ಯಾಕೆ ಅನ್ನೋದು ಈ ಸಾವಿರ ರೂಪಾಯಿ ಡಾಂಗಲ್ಲಿಗೆ ತಿಳಿಯಲ್ಲ. ಅವರ ದೊಡ್ಡ ಸ್ಕ್ಯಾನರಲ್ಲಿ ಎಲ್ಲಾ ಬಂತು. ಕೊನೇ ಸಲ ರೀಜೆನ್ ಪೂರ್ತಿ ಆಗಿ 740 ಕಿಲೋಮೀಟರ್ ಆಗಿದೆ, ಮಧ್ಯೆ 11 ಸಲ ಶುರುವಾಗಿ ನಿಂತಿದೆ. ಆಮೇಲೆ ಅವರು ಡಿಪ್‌ಸ್ಟಿಕ್ ಎಳೆದು ಬಟ್ಟೇಲಿ ಒರೆಸಿ ಮತ್ತೆ ಹಾಕಿ ತೆಗೆದು ನಮ್ಮ ಮೂಗಿನ ಹತ್ರ ಹಿಡಿದ್ರು, "ಮೂಸಿ ಸಾರ್". ಆಯಿಲ್ಲು ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿತ್ತು, ಪಂಪಿನ ಹತ್ರ ಬರುತ್ತಲ್ಲ ಆ ಡೀಸೆಲ್ ವಾಸ್ನೆ. ಅರ್ಧಕ್ಕರ್ಧಕ್ಕೆ ನಿಂತ ರೀಜೆನ್‌ಗಳ ಡೀಸೆಲ್ಲು ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರಿತ್ತು. ಆಯಿಲ್ ಕಮ್ಮಿ ಆಗಿದ್ಯಾ ಅಂತ ನೋಡೋರು ನಾವೆಲ್ಲಾ, ಜಾಸ್ತಿ ಆದ್ರೆ ಖುಷಿ ಪಡ್ತೀವಿ. ತೆಳ್ಳಗಾದ ಆಯಿಲ್ಲಲ್ಲಿ ಮೊದ್ಲು ಸಾಯೋದು ಟರ್ಬೊ ಬೇರಿಂಗು, ಡಿಪಿಎಫ್‌ಗಿಂತ ನಂಗೆ ಹೆದ್ರಿಕೆ ಆಗಿದ್ದು ಅದ್ಕೆ.

ಆದ್ರೆ ಒಂದು ಗಂಟು ಬಿಡಿಸ್ಲೇ ಇಲ್ಲ. ಅಕ್ಟೋಬರಲ್ಲಿ ದಸರಾ ರಜಕ್ಕೆ ಭಾವ ಇದೇ ಕಾರಲ್ಲಿ ತುಮಕೂರಿಗೆ ಹೋಗಿ ಬಂದಿದ್ರು. ಹೋಗ್ತಾ ಬರ್ತಾ ಒಳ್ಳೇ ಹೈವೇ, ಆಗ್ಲಾದ್ರೂ ಕ್ಲೀನ್ ಆಗ್ಬೇಕಿತ್ತಲ್ಲ? ಮೆಕ್ಯಾನಿಕ್ಕು ಕೇಳಿದ ಒಂದೇ ಪ್ರಶ್ನೆ, "ಟ್ಯಾಂಕಲ್ಲಿ ಎಷ್ಟಿತ್ತು ಸಾರ್?"

ಭಾವ ನನ್ನ ಮುಖ ನೋಡಿದ್ರು. ಶಿವಮೊಗ್ಗದಲ್ಲಿದ್ದಾಗ ಓಡಾಟ ಜಾಸ್ತಿ ಅಂತ ಯಾವಾಗ್ಲೂ ಫುಲ್ ಟ್ಯಾಂಕು. ಬೆಂಗ್ಳೂರಿಗೆ ಬಂದ ಜೂನಲ್ಲೇ ಡೀಸೆಲ್ ಮೂರು ರೂಪಾಯಿ ಮೇಲೆ ಏರ್ತು, ದಿನಾ ಎಂಟು ಕಿಲೋಮೀಟರಿಗೆ ಫುಲ್ ಟ್ಯಾಂಕ್ ಯಾಕೆ ಅಂತ ಐನೂರು ಐನೂರಕ್ಕೆ ಹಾಕ್ಸೋಕೆ ಶುರು ಮಾಡಿದ್ರು, ಅಂದ್ರೆ ಐದೂವರೆ ಲೀಟರ್ ಚಿಲ್ಲರೆ. ತುಮಕೂರಿಗೂ ಹಂಗೇ ಹೋಗಿದ್ದು, ರಿಸರ್ವ್ ಲೈಟಲ್ಲೇ. ಸುಮಾರು ಕಾರುಗಳಲ್ಲಿ ಡೀಸೆಲ್ ತೀರಾ ಕಮ್ಮಿ ಇದ್ರೆ ಇಸಿಯು ರೀಜೆನ್ ಶುರುನೇ ಮಾಡಲ್ಲ, ಯಾಕಂದ್ರೆ ಅದಕ್ಕೆ ಎಕ್ಸ್‌ಟ್ರಾ ಡೀಸೆಲ್ ಬೇಕು, ಮಧ್ಯ ದಾರೀಲಿ ಖಾಲಿ ಆಗಿ ನಿಂತ್ರೆ ಅನ್ನೋ ಮುಂದಾಲೋಚನೆ. ಇವರದ್ದೂ ಅದೇ ಥರದ ಕಾರು. ಇದೊಂದು ಸಾಲು ಮ್ಯಾನುಯಲ್ ಪುಸ್ತಕದಲ್ಲಿತ್ತು, ಗ್ಲೋವ್ ಬಾಕ್ಸಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರ್ಲಿಲ್ಲ. ಜೊತೆಗೆ ಇನ್ನೊಂದು ಅಭ್ಯಾಸ, ಜೀಪ್ ಕಾಲದ್ದು, ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಇಂಜಿನ್ ಬಿಸಿ ಮಾಡೋದು. ಐಡಲ್ಲಲ್ಲಿ ನಿಂತ ಡೀಸೆಲ್ ಇಂಜಿನ್ ಹೊಗೆ ಬಿಸೀನೇ ಏರಲ್ಲ, ಅದು ಬರೀ ಮಸಿ ತುಂಬ್ಸೋ ಕೆಲಸ.

ಈಗ ಕನೆಕ್ಟೆಡ್ ಕಾರಿನ ಕತೆ, ಇದು ಕೇಳಿ ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ. ಈ ಕಾರೊಳಗೆ ಇ-ಸಿಮ್ ಇದೆ, ಮೂರು ವರ್ಷ ಫ್ರೀ ಆ್ಯಪ್ ಇದೆ, ಗಾಡೀಲಿ ಏನಾದ್ರೂ ಎಚ್ಚರಿಕೆ ಬಂದ್ರೆ ಫೋನಿಗೆ ಹೇಳುತ್ತೆ. ಹಾಗಾದ್ರೆ ಹೇಳ್ಲಿಲ್ವಾ? ಹೇಳಿದೆ, ಅದೂ ಮೂರು ವಾರ ಮುಂಚೆ, ನಾಲ್ಕು ಸಲ. ಆದ್ರೆ ಆ್ಯಪ್ ರಿಜಿಸ್ಟರ್ ಮಾಡಿದ್ದು ಅಕ್ಕನ ಮಗಳ ಫೋನಲ್ಲಿ, ಡೆಲಿವರಿ ದಿನ ಶೋರೂಮಲ್ಲಿ ಭಾವ ಸ್ವೀಟ್ ಬಾಕ್ಸ್ ಹಿಡ್ಕೊಂಡು ಫೋಟೋಗೆ ನಿಂತಿದ್ದಾಗ ಅವಳೇ ಓಟಿಪಿ ಹೊಡೆದಿದ್ದು. ಅವಳೀಗ ಮಣಿಪಾಲದಲ್ಲಿ ಓದ್ತಿದಾಳೆ. "ಏನೋ ಫಿಲ್ಟರ್ ಫುಲ್ ಅಂತ ಬಂತು ಮಾಮ, ಎಸಿ ಫಿಲ್ಟರ್ ಇರ್ಬೇಕು ಅಂತ ಸ್ವೈಪ್ ಮಾಡ್ದೆ" ಅಂದ್ಳು. ಅವಳ ತಪ್ಪೇನಿಲ್ಲ ಬಿಡಿ. ಎಂಜಿನ್ನಿಂದ ಸೆನ್ಸರಿಗೆ, ಅಲ್ಲಿಂದ ಇಸಿಯುಗೆ, ಸಿಮ್ಮಿಗೆ, ಎಲ್ಲೋ ಇರೋ ಸರ್ವರ್ರಿಗೆ ಹೋಗಿ ಮಣಿಪಾಲ ಮುಟ್ಟಿದ ಸುದ್ದಿ ವಿಜಯನಗರಕ್ಕೆ ಮಾತ್ರ ಬರ್ಲಿಲ್ಲ.

ರಿಪೇರಿ ಏನಾಯ್ತು ಅಂದ್ರೆ, ಮಸಿ ಒಂದು ಮಟ್ಟ ದಾಟಿದ್ಮೇಲೆ ಹೈವೇಲಿ ಎಷ್ಟೇ ಓಡಿಸಿದ್ರೂ ಇಸಿಯು ತಾನಾಗಿ ರೀಜೆನ್ ಮಾಡಲ್ಲ, ಅಷ್ಟೂ ಮಸಿ ಒಂದೇ ಸಲ ಹತ್ಕೊಂಡ್ರೆ ಶಾಖ ಕೈ ಮೀರಿ ಸೆರಾಮಿಕ್ಕೇ ಬಿರುಕು ಬಿಡುತ್ತೆ. ಸ್ಕ್ಯಾನರಿಂದ ಹಿಡಿತದಲ್ಲಿಟ್ಕೊಂಡು ಸುಡ್ಬೇಕು, ಸರ್ವಿಸ್ ರೀಜೆನ್ ಅಂತಾರೆ. ಅದಕ್ಕೂ ಒಂದು ಮಿತಿ ಇದೆ, ಅದೂ ದಾಟಿದ್ರೆ ಬಿಚ್ಚಿ ತೊಳೀಬೇಕು ಇಲ್ಲಾ ಹೊಸದು. ನಮ್ಮದು ಆ ಗೆರೆ ಈಚೆ ಕಡೆ ಇತ್ತು, ಅದೃಷ್ಟ. ಮೊದ್ಲು ಆ ಡೀಸೆಲ್ ಮಿಕ್ಸ್ ಆದ ಆಯಿಲ್ ಇಳಿಸಿ ಹೊಸದು ಹಾಕಿದ್ರು, ಟ್ಯಾಂಕಿಗೆ ಇಪ್ಪತ್ತು ಲೀಟರ್ ಹಾಕ್ಸಿ ಅಂದ್ರು, ಗಾಡೀನ ಶೆಡ್ಡಿಂದ ಹೊರಗೆ ಸಿಮೆಂಟ್ ನೆಲದ ಮೇಲೆ ನಿಲ್ಸಿದ್ರು, ಅಕ್ಕಪಕ್ಕ ಒಣ ಹುಲ್ಲು ಪೇಪರ್ ಇಲ್ಲ ಅಂತ ನೋಡ್ಕೊಂಡ್ರು. ಆಮೇಲೆ ಸ್ಕ್ಯಾನರಲ್ಲಿ ಒಂದು ಬಟನ್ನು. ಇಂಜಿನ್ ತಾನೇ ರೇಸ್ ಆಗೋಕೆ ಶುರುವಾಯ್ತು, ಫ್ಯಾನು ಫುಲ್ ಸ್ಪೀಡು, ಸ್ಕ್ರೀನಲ್ಲಿ ಶಾಖ 180, 260, 410, 590 ಅಂತ ಏರ್ತಾ ಹೋಯ್ತು, ಸೈಲೆನ್ಸರ್ ಹಿಂದೆ ಗಾಳಿ ನಡುಗೋದು ಕಾಣ್ತಿತ್ತು, ಬಿಸಿಲಲ್ಲಿ ಡಾಂಬರ್ ರಸ್ತೆ ಮೇಲೆ ಕಾಣುತ್ತಲ್ಲ ಹಾಗೆ. ಭಾವ ನಾಲ್ಕು ಸಲ "ಏನೂ ಆಗಲ್ಲ ಅಲ್ವಾ" ಅಂತ ಕೇಳಿದ್ರು. ಮೂವತ್ತೈದು ನಿಮಿಷಕ್ಕೆ ಮುಗೀತು. ಫಿಲ್ಟರಿನ ಮುಂದೆ ಹಿಂದೆ ಎರಡು ರಬ್ಬರ್ ಪೈಪ್ ಹಾಕಿ ಒತ್ತಡದ ವ್ಯತ್ಯಾಸ ಅಳೆಯೋ ಸೆನ್ಸರ್ ಇರುತ್ತೆ, ಅದರ ರೀಡಿಂಗು ಐಡಲ್ಲಲ್ಲಿ ನೆಲಕ್ಕಿಳೀತು, ಮೂರು ಲೈಟೂ ಹೋದ್ವು. ಎಲ್ಲಾ ಸೇರಿ ಬಿಲ್ಲು ಹೊಸ ಡಿಪಿಎಫ್ ರೇಟಿನ ಹತ್ತನೇ ಒಂದು ಭಾಗಾನೂ ಆಗ್ಲಿಲ್ಲ.

ಆಯಿಲ್ ವಿಷ್ಯದಲ್ಲಿ ಒಂದು ಮಾತು. ಮಸಿ ಸುಡುತ್ತೆ, ಬೂದಿ ಸುಡಲ್ಲ. ಇಂಜಿನ್ ಆಯಿಲ್ಲಲ್ಲಿರೋ ಕೆಮಿಕಲ್ಲು ಸ್ವಲ್ಪ ಸ್ವಲ್ಪ ಉರಿದು ಬೂದಿಯಾಗಿ ಫಿಲ್ಟರಲ್ಲೇ ಶಾಶ್ವತವಾಗಿ ಕೂರುತ್ತೆ, ರೀಜೆನ್ ಎಷ್ಟು ಮಾಡಿದ್ರೂ ಹೋಗಲ್ಲ. ಅದಕ್ಕೇ ಡಿಪಿಎಫ್ ಇರೋ ಕಾರಿಗೆ ಕಮ್ಮಿ ಬೂದಿಯ ಆಯಿಲ್ಲೇ ಹಾಕ್ಬೇಕು, ಡಬ್ಬ ಮೇಲೆ ಸಿ2 ಅಥವಾ ಸಿ3 ಅಂತೆಲ್ಲಾ ಇರುತ್ತೆ, ನಿಮ್ಮ ಮ್ಯಾನುಯಲ್ಲಲ್ಲಿ ಯಾವುದು ಹೇಳಿದ್ಯೋ ಅದು. ಇನ್ನೂರು ರೂಪಾಯಿ ಉಳಿಯುತ್ತೆ ಅಂತ ಹಳೇ ಟ್ರ್ಯಾಕ್ಸ್‌ಗೆ ಹಾಕೋ ಆಯಿಲ್ ಹುಯ್ಸೋರು ಇದಾರೆ, ಬೇಡ.

ಇನ್ನೊಂದು ಸಲಹೇನೂ ಬಂತು, ಭಾವನ ಆಫೀಸಿನೋರಿಂದ. ಡಿಪಿಎಫ್ ಒಳಗಿನ ಸೆರಾಮಿಕ್ಕು ಒಡೆದು ತೆಗೆದು ಇಸಿಯುಗೆ ರೀಮ್ಯಾಪ್ ಹೊಡೆದ್ರೆ, ಅಂದ್ರೆ ಅದರ ಪ್ರೋಗ್ರಾಮ್ ಬದಲಾಯ್ಸಿದ್ರೆ, ಜನ್ಮದಲ್ಲಿ ತೊಂದ್ರೆ ಇಲ್ಲ, ಪಿಕಪ್ಪೂ ಜಾಸ್ತಿ ಅಂತ. ಹೌದು, ಗಾಡಿ ಓಡುತ್ತೆ. ಆದ್ರೆ ಕಂಪನಿ ಮಾಡಿದ್ದನ್ನ ಹಿಂಗೆ ಬದಲಾಯ್ಸೋದು ಮೋಟಾರ್ ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ತಪ್ಪು, ನಾಳೆ ಇನ್ಶೂರೆನ್ಸಿನೋರು ತಗಾದೆ ತೆಗೆದ್ರೆ ಉತ್ತರ ಇಲ್ಲ, ಅದೆಲ್ಲಾ ಬಿಡಿ, ಆ ಮಸಿ ಹೋಗೋದು ಹಿಂದೆ ಸ್ಕೂಟರಲ್ಲಿ ಬರ್ತಿರೋ ಮಗು ಮೂಗಿಗೆ. ಅಕ್ಕಂಗೆ ಆಸ್ತಮಾ ಇದೆ, ಅವಳೇ "ಅದೊಂದು ಬೇಡ ರೀ" ಅಂದ್ಳು, ಅಲ್ಲಿಗೆ ಆ ಮಾತು ಮುಗೀತು.

ಹಾಗಾದ್ರೆ ಈ ಕಾರು ಮಾರಿ ಪೆಟ್ರೋಲ್ ತಗೋಬೇಕಿತ್ತಾ? ನನ್ನ ಲೆಕ್ಕದಲ್ಲಿ ದಿನಕ್ಕೆ ಎಂಟು ಕಿಲೋಮೀಟರ್ ಓಡ್ಸೋನಿಗೆ ಡೀಸೆಲ್ಲು ತಪ್ಪು ಗಾಡಿ, ಸಂಶಯಾನೇ ಇಲ್ಲ. ಪೆಟ್ರೋಲ್ಲೋ ಸಿಎನ್‌ಜಿನೋ ಬ್ಯಾಟರಿ ಕಾರೋ ಸಾಕು. ಆದ್ರೆ ಇವರು ಡೀಸೆಲ್ ತಗೊಂಡಾಗ ತಿಂಗ್ಳಿಗೆ 1500 ಓಡ್ತಿತ್ತು, ಆಗ ಅದೇ ಸರಿ. ಇನ್ನೆರಡು ವರ್ಷಕ್ಕೆ ಮತ್ತೆ ಟ್ರಾನ್ಸ್‌ಫರ್ ಇದ್ರೂ ಇರ್ಬಹುದು. ಅದಕ್ಕೇ ಮಾರೋದು ಬೇಡ, ಅಭ್ಯಾಸ ಬದಲಾಯ್ಸಿ ನೋಡೋಣ ಅಂತ ಆಯ್ತು.

ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಬೆಳಿಗ್ಗೆ ಹತ್ತು ನಿಮಿಷ ನಿಂತು ಬಿಸಿ ಮಾಡೋದು ಬಂದ್, ಸ್ಟಾರ್ಟ್ ಮಾಡಿ ಅರ್ಧ ನಿಮಿಷಕ್ಕೆ ಮೆಲ್ಲಗೆ ಹೊರಡೋದು. ಹದಿನೈದು ದಿನಕ್ಕೊಂದು ಭಾನುವಾರ ನೆಲಮಂಗಲ ದಾಟಿ ಕುಣಿಗಲ್ ರೋಡಲ್ಲಿ ಸೋಲೂರ್ ತನಕ ಹೋಗಿ ಕಾಫಿ ಕುಡಿದು ಬರೋದು, ಜೋರಾಗಿ ಹೊಡಿಯೋದೇನಿಲ್ಲ, ನಾಲ್ಕನೇ ಗೇರಲ್ಲಿ 2000 ಆರ್‌ಪಿಎಂ ಮೇಲೆ ಒಂದು ಇಪ್ಪತ್ತೈದು ನಿಮಿಷ ಒಂದೇ ಸಮ. ಟಾಪ್ ಗೇರಲ್ಲಿ 1400ಕ್ಕೆ ತೇಲಿಸ್ಕೊಂಡು ಹೋದ್ರೆ ಹೊಗೆ ಅಷ್ಟು ಕಾಯಲ್ಲ, ಇದನ್ನ ಭಾವಂಗೆ ಒಪ್ಸೋಕೇ ಎರಡು ಭಾನುವಾರ ಬೇಕಾಯ್ತು, ಮೈಲೇಜ್ ಹಾಳಾಗುತ್ತೆ ಅನ್ನೋದು ಅವರ ವಾದ. ಟೋಲು, ಡೀಸೆಲ್ಲು, ಕಾಫಿ ಸೇರಿ ಖರ್ಚು ಇದ್ದೇ ಇದೆ, ಅಕ್ಕ ಇದನ್ನ "ಕಾರಿಗೆ ಎಣ್ಣೆ ಸ್ನಾನ" ಅಂತಾಳೆ. ಆ್ಯಪ್ ಭಾವನ ನಂಬರಿಗೆ ಬದಲಾಯ್ಸಿದೀವಿ, ಜನವರೀಲಿ ಫ್ರೀ ಮುಗಿದಾಗ ಗೊಣಗ್ಕೊಂಡೇ ದುಡ್ಡು ಕಟ್ಟಿದ್ರು. ಮಾರ್ಚಲ್ಲಿ ಒಂದ್ಸಲ ಸ್ಕ್ಯಾನ್ ಮಾಡ್ಸಿದ್ವಿ, ಪೂರ್ತಿಯಾದ ರೀಜೆನ್‌ಗಳೇ ಇದ್ವು, ಒಂದೇ ಒಂದು ಅರ್ಧಕ್ಕೆ ನಿಂತಿತ್ತು, ಆಯಿಲ್ ಗೆರೆ ಎರಡರ ಮಧ್ಯೆ.

ಮೊನ್ನೆ ರಾತ್ರಿ ಒಂಬತ್ತಕ್ಕೆ ಭಾವನ ಫೋನು. "ಮನೆ ಹತ್ರ ಬಂದಿದೀನೋ, ಸಿಗ್ನಲ್ಲಲ್ಲಿ ಇಂಜಿನ್ ಆಫ್ ಆಗ್ಲಿಲ್ಲ, ಆರ್‌ಪಿಎಂ ಒಂದು ಕಡ್ಡಿ ಮೇಲಿದೆ, ಬೆಂಕಿ ಹಚ್ಕೊಂಡಿದೆ ಅನ್ಸುತ್ತೆ". ನಾನು "ಹೌದು ಭಾವ, ಆಫ್ ಮಾಡ್ಬೇಡಿ" ಅಂದೆ. ಹಿಂದೆ ವಾಚ್‌ಮನ್ ಗೇಟ್ ತೆಗೀತಿರೋ ಸದ್ದು ಕೇಳಿಸ್ತು, ಭಾವ ಅವನಿಗೆ "ಮುಚ್ಚಪ್ಪ ಮುಚ್ಚು, ಇನ್ನೂ ಆಗಿಲ್ಲ, ನೈಸ್ ರೋಡ್ ಕಡೆ ಒಂದು ರೌಂಡ್ ಹೊಡ್ಕೊಂಡ್ ಬರ್ತೀನಿ" ಅಂತ ಹೇಳಿ ಫೋನಿಟ್ರು.